ನೊಂದ ತೋಳಿಗೆ ವಿದ್ಯುತ್ತು ಮತ್ತು ಧ್ವನಿ

ದುಡಿದು ಉಣ್ಣುವವರಿಗೆ ತೋಳೇ ಬಂಡವಾಳ. ಹೋಟೆಲಿನಲ್ಲಿ ಹಿಟ್ಟು ನಾದುವವರಾಗಲಿ, ಗೋದಾಮಿನಲ್ಲಿ ಮೂಟೆ ಹೊರುವವರಾಗಲಿ, ಕಚೇರಿಯಲ್ಲಿ ದಿನವಿಡೀ ಲೆಕ್ಕ ಬರೆಯುವವರಾಗಲಿ, ಒಂದು ತೋಳು ಸೋತರೆ ಅದರ ಬಿಸಿ ಇಡೀ ಮನೆಗೆ ತಟ್ಟುತ್ತದೆ. ಮೂಳೆ ಮುರಿದು ಕೂಡಿದ ಮೇಲೆ, ಭುಜ ಬಿಗಿದುಕೊಂಡಾಗ, ಪಾರ್ಶ್ವವಾಯು ಬಡಿದು ಕೈ ಜೋತುಬಿದ್ದಾಗ ವೈದ್ಯರು ರೋಗಿಯನ್ನು ಫಿಸಿಯೋಥೆರಪಿ ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಬಂದವರು, “ಕರೆಂಟು ಕೊಟ್ಟರು” ಎಂದು ಹೇಳುವುದುಂಟು. ಆ ಯಂತ್ರಗಳು ಮಾಡುವುದೇನು? ಅವನ್ನು ನಡೆಸುವವರು ಏನೇನು ಕಲಿತಿರಬೇಕು? ಇವೆರಡನ್ನು ಈ ಪಾಠದಲ್ಲಿ ತಿಳಿಯೋಣ.

1. ವಿದ್ಯುತ್ತಿನ ಕೆಲಸ

ಸತ್ತ ಕಪ್ಪೆಯ ಕಾಲು ವಿದ್ಯುತ್ತು ತಾಗಿದರೆ ಅದುರುತ್ತದೆಂಬುದನ್ನು ಇಟಲಿಯ ಗಾಲ್ವಾನಿ 1791ರಲ್ಲಿ ಪ್ರಕಟಿಸಿದನು. ನರವು ವಿದ್ಯುತ್ತಿಗೆ ಓಗೊಡುತ್ತದೆ, ನರದ ಕರೆಗೆ ಸ್ನಾಯು ಕುಗ್ಗುತ್ತದೆ. ಇಂದಿನ ಚಿಕಿತ್ಸೆಗೂ ಇದೇ ತಳಹದಿ.

ಪಾರ್ಶ್ವವಾಯುವಿನಿಂದ ಮಣಿಕಟ್ಟು ಮೇಲೇಳದ ರೋಗಿಯನ್ನು ತೆಗೆದುಕೊಳ್ಳಿ. ಮುಂದೋಳಿನ ಹಿಂಬದಿಗೆ ಎರಡು ಪಟ್ಟಿಗಳನ್ನು ಅಂಟಿಸಿ, ಸೆಕೆಂಡಿಗೆ ಸುಮಾರು 20ರಿಂದ 50 ಸಲ ಮಿಡಿಯುವ ಅಲ್ಪ ವಿದ್ಯುತ್ತನ್ನು ಹಾಯಿಸುತ್ತಾರೆ. ಮಣಿಕಟ್ಟು ಏಳುತ್ತದೆ. ಕೆಲವು ಸೆಕೆಂಡು ಕೆಲಸ, ಅದಕ್ಕಿಂತ ಹೆಚ್ಚು ಹೊತ್ತು ವಿಶ್ರಾಂತಿ. ಇಲ್ಲದಿದ್ದರೆ ಸ್ನಾಯು ಬೇಗ ದಣಿಯುತ್ತದೆ. ಪ್ರತಿಯೊಂದು ಸ್ನಾಯುವಿಗೂ ಸುಲಭವಾಗಿ ಓಗೊಡುವ ಒಂದು ಬಿಂದುವಿದೆ. ಅದು ಬೆರಳಗಲ ತಪ್ಪಿದರೂ ಬೇರೊಂದು ಸ್ನಾಯು ಎದ್ದೀತು. ಆ ಬಿಂದುವನ್ನು ಹುಡುಕುವುದು ವಿದ್ಯಾರ್ಥಿಯ ಮೊದಲ ಪಾಠಗಳಲ್ಲೊಂದು. ಎರಡನೆಯದು, ಯಂತ್ರ ಕೈಯನ್ನು ಎತ್ತುವಾಗಲೇ “ನೀವೂ ಎತ್ತಲು ಪ್ರಯತ್ನಿಸಿ” ಎಂದು ರೋಗಿಯನ್ನು ಹುರಿದುಂಬಿಸುವುದು. ರೋಗಿಯ ಮನಸ್ಸು ಸೇರದಿದ್ದರೆ ಕೈ ಯಂತ್ರದ್ದಾಗಿಯೇ ಉಳಿಯುತ್ತದೆ.

ವಿದ್ಯುತ್ತಿನ ಇನ್ನೊಂದು ಉಪಯೋಗ ನೋವಿನ ಶಮನ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಬಿಡುವ ಅಥವಾ ತಡೆಯುವ ಒಂದು ಬಾಗಿಲಿನಂಥ ವ್ಯವಸ್ಥೆಯಿದೆಯೆಂಬ ವಾದವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದರು. ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಿಡಿಯುವ ವಿದ್ಯುತ್ತಿನ ಜುಮುಜುಮು ಆ ಬಾಗಿಲನ್ನು ಅರೆ ಮುಚ್ಚುತ್ತದೆಂದು ಹೇಳಬಹುದು. ನೋವು ತಗ್ಗಿದ ಆ ಬಿಡುವು ಕೈಯನ್ನು ಆಡಿಸುವುದಕ್ಕೆ ಅನುಕೂಲ. ಆದರೆ ನೋವಿನ ಮೂಲ ಅದರಿಂದ ಹೋಗದು.

2. ಧ್ವನಿಯ ಕೆಲಸ

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ ಧ್ವನಿ ನಮ್ಮ ಕಿವಿಗೆ ಕೇಳಿಸದು. ಅದೇ ಅಲ್ಟ್ರಾಸೌಂಡ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅಂಥ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸುತ್ತದೆ. ಯಂತ್ರದ ತಲೆಯೊಳಗೆ ಇರುವುದು ಇಂಥದೇ ಹರಳು.

ಚಿಕಿತ್ಸೆಯಲ್ಲಿ ಬಳಸುವ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ. ಮೊದಲನೆಯದು ಆಳಕ್ಕೆ ಇಳಿಯುತ್ತದೆ. ಎರಡನೆಯದು ಮೇಲಿನ ಒಂದೆರಡು ಸೆಂಟಿಮೀಟರಿನಲ್ಲೇ ಹೆಚ್ಚಾಗಿ ಮುಗಿಯುತ್ತದೆ. ಮೊಣಕೈಯ ಹೊರಬದಿಯ ಸ್ನಾಯುರಜ್ಜು ಚರ್ಮದ ಹತ್ತಿರವೇ ಇರುವುದರಿಂದ ಅದಕ್ಕೆ 30 ಲಕ್ಷವೇ ಸರಿ. ಈ ಧ್ವನಿ ಗಾಳಿಯಲ್ಲಿ ಸಾಗದು. ಆದ್ದರಿಂದಲೇ ಚರ್ಮಕ್ಕೆ ಜೆಲ್ ಹಚ್ಚುತ್ತಾರೆ. ಯಂತ್ರದ ತಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಿಸುತ್ತಿರಬೇಕು. ನಿಲ್ಲಿಸಿದರೆ ಒಳಗಿನ ಮೂಳೆಯ ಪೊರೆ ಕಾದು ಚುಚ್ಚಿದಂತೆ ನೋಯುತ್ತದೆ. ಹಾಗಾದರೆ ರೋಗಿ ಸಹಿಸಿಕೊಂಡು ಕೂರದೆ ಕೂಡಲೇ ಹೇಳಬೇಕು.

3. ಕಲಿಕೆ

ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ಆರಂಭವಾಯಿತು. ಸುತ್ತಲೂ ಗಿರಣಿಗಳಿದ್ದ ಪ್ರದೇಶ ಅದು. ಇಂದು ದೇಶದಲ್ಲಿ ಇದು ನಾಲ್ಕು ವರ್ಷಕ್ಕೂ ಮಿಕ್ಕಿದ ಪದವಿ ಶಿಕ್ಷಣ. ಫಿಸಿಯೋಥೆರಪಿಯೂ ಸೇರಿದಂತೆ ಇಂಥ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ರಾಷ್ಟ್ರೀಯ ಕಾಯಿದೆಯೂ ಬಂದಿದೆ.

ಗುಂಡಿ ಒತ್ತುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಒತ್ತಬಾರದು ಯಾವಾಗ ಎಂಬುದನ್ನು ಕಲಿಯಲು ವರ್ಷಗಳು ಬೇಕು. ವಿದ್ಯಾರ್ಥಿಗಳು ಮೊದಲು ಸಹಪಾಠಿಯ ತೋಳಿನ ಮೇಲೆ ಅಭ್ಯಾಸ ಮಾಡಿ, ತಮ್ಮ ತೋಳಿನಲ್ಲೂ ಆ ಅನುಭವ ಪಡೆಯುತ್ತಾರೆ. ರೋಗಿಯ ಚರ್ಮಕ್ಕೆ ಬಿಸಿನೀರಿನ, ತಣ್ಣೀರಿನ ಗಾಜಿನ ನಳಿಗೆಗಳನ್ನು ತಾಗಿಸಿ, “ಇದು ಯಾವುದು?” ಎಂದು ಕೇಳುವುದನ್ನು ಕಲಿಯುತ್ತಾರೆ. ಬಿಸಿ ತಿಳಿಯದ ಚರ್ಮ ಸುಟ್ಟರೂ ಕೂಗದು. ಯಂತ್ರದ ತಲೆಯ ಮೇಲೆ ನಾಲ್ಕು ಹನಿ ನೀರು ಹಾಕಿ, ನೀರು ಅಲುಗುತ್ತದೆಯೇ ಎಂದು ನೋಡುವುದನ್ನೂ ಕಲಿಯುತ್ತಾರೆ. ಧ್ವನಿ ಹೊರಡುತ್ತಿದೆಯೆಂಬುದಕ್ಕೆ ಅದು ಸರಳ ಗುರುತು. ಎಷ್ಟು ಹೊರಡುತ್ತಿದೆ ಎಂಬುದನ್ನು ಮಾತ್ರ ಅಳತೆಯ ಉಪಕರಣವೇ ಹೇಳಬೇಕು.

4. ಯಂತ್ರದ ಮಿತಿ

ಅಲ್ಟ್ರಾಸೌಂಡಿನ ಫಲವನ್ನು ಕುರಿತ 35 ಪ್ರಯೋಗಗಳನ್ನು ರಾಬರ್ಟ್ಸನ್ ಮತ್ತು ಬೇಕರ್ ಎಂಬ ಸಂಶೋಧಕರು 2001ರಲ್ಲಿ ಪರಿಶೀಲಿಸಿದರು. ಕ್ರಮಬದ್ಧವಾಗಿ ನಡೆದವು 10 ಮಾತ್ರ. ಆ ಹತ್ತರಲ್ಲಿ ಎಂಟು, ಯಂತ್ರ ನಡೆಸಿದಂತೆ ತೋರಿಸಿದ ಬರಿಯ ಸೋಗಿಗಿಂತ ಹೆಚ್ಚಿನ ಗುಣವನ್ನು ಕಾಣಲಿಲ್ಲ. ಆದ್ದರಿಂದ ಒಳ್ಳೆಯ ಶಿಕ್ಷಕರು ಯಂತ್ರವನ್ನು ವ್ಯಾಯಾಮದ ಜತೆಗಾರನೆಂದು ಕಲಿಸುತ್ತಾರೆಯೇ ಹೊರತು ಅದರ ಬದಲಿಯೆಂದಲ್ಲ. ಅರ್ಧ ದಿನದ ಸಂಬಳ ಬಿಟ್ಟು ಬಂದವರಿಗೆ ಹತ್ತು ನಿಮಿಷ ಯಂತ್ರ ಹಿಡಿದು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಕಲಿಸದೆ ಕಳುಹಿಸಿದರೆ ಅದು ಚಿಕಿತ್ಸೆಯಾಗದು.

ನೆನಪಿಡಬೇಕಾದುದು

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಗರ್ಭಿಣಿಯಾಗಿದ್ದರೆ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ ಅಥವಾ ಮೂರ್ಛೆರೋಗ ಇದ್ದರೆ, ತೋಳಿನಲ್ಲಿ ಲೋಹ ಕೂಡಿಸಿದ್ದರೆ, ಚರ್ಮ ಮರಗಟ್ಟಿದ್ದರೆ, ಯಂತ್ರ ಹತ್ತಿರ ಬರುವ ಮುಂಚೆಯೇ ತಿಳಿಸಿ. “ಇದನ್ನು ಏಕೆ ಕೊಡುತ್ತೀರಿ? ಮನೆಯಲ್ಲಿ ನಾನೇನು ಮಾಡಬೇಕು?” ಎಂದು ಸಂಕೋಚಪಡದೆ ಕೇಳಿ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ತೋಳು ನಿಮ್ಮದು, ಅದನ್ನು ಕೆಲಸಕ್ಕೆ ಮರಳಿಸುವುದು ದಿನದಿನದ ನಿಮ್ಮ ಅಭ್ಯಾಸ.