ಗೋಡೆಯನ್ನು ಕೇಳಿ ಮುದ್ರಿಸು

ಶಿರಸಿ ಪೇಟೆಯಲ್ಲಿ ಮಳಿಗೆ ಹಿಡಿದು, ದೊಡ್ಡ ಮುದ್ರಣ ಯಂತ್ರ ತಂದು, ಹಸೆ ಚಿತ್ತಾರವನ್ನೂ ಕಾವಿ ಚಿತ್ರವನ್ನೂ ಅಚ್ಚು ಹಾಕಿ ಊರೂರಿನ ಗೋಡೆಗಳಿಗೆ ಕಳಿಸುತ್ತೇನೆ ಅನ್ನುತ್ತೀಯ. ಒಳ್ಳೆಯ ಯೋಚನೆ, ಮಗೂ. ನಿನ್ನ ಕೈಗೆ ಕಸುಬು ಬೇಗ ಹತ್ತುತ್ತದೆ, ಅದು ನನಗೆ ಗೊತ್ತು. ಕೂತಲ್ಲಿ ಕೂರದ ಸ್ವಭಾವ ಒಂದೇ ತೊಂದರೆ. ಯಂತ್ರದ ಬೆಲೆಪಟ್ಟಿ ನಿನಗೆ ಬಾಯಿಪಾಠ. ಚಿತ್ತಾರದಲ್ಲಿ ಮೊದಲು ಯಾವ ಬಣ್ಣ ಬೀಳುತ್ತದೆ ಅಂತ ಕೇಳಿದರೆ ಮಾತ್ರ ಫೋನು ತಡಕುತ್ತೀಯ!

ಮೊದಲು ಸಿದ್ದಾಪುರದ ಕಡೆ ಹೋಗು. ದೀವರ ಸಮುದಾಯದ ಹೆಂಗಸರು ಹಸೆಗೋಡೆ ಬರೆಯುವುದನ್ನು ಸುಮ್ಮನೆ ಕೂತು ನೋಡು. ಫೋನು ಜೇಬಿನಲ್ಲೇ ಇರಲಿ. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅದರ ಮೇಲೆ ಅಕ್ಕಿ ಅರೆದ ಬಿಳಿ. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿನಾರು. ಇಷ್ಟೇ ಸಾಮಗ್ರಿ. ನೀನು ಕಣ್ಣಿಟ್ಟು ನೋಡಬೇಕಾದ್ದು ಬಣ್ಣದ ಸರದಿಯನ್ನು. ಕೆಂಪು ಅಡಿಗೆ, ಬಿಳಿ ಮೇಲೆ. ಆ ಬಿಳಿ ಗೆರೆಗೆ ತನ್ನದೇ ಮೈ ಇದೆ.

ಈಗ ನಿನ್ನ ಯಂತ್ರಕ್ಕೆ ಬಾ. ಸಾಮಾನ್ಯ ಇಂಕ್‌ಜೆಟ್‌ನಲ್ಲಿ ಬಿಳಿ ಶಾಯಿಯೇ ಇಲ್ಲ. ಬಿಳಿ ಬೇಕೆಂದಲ್ಲಿ ಅದು ಕಾಗದವನ್ನು ಖಾಲಿ ಬಿಡುತ್ತದೆ, ಸುತ್ತ ಕೆಂಪು ಸುರಿಯುತ್ತದೆ. ಕೆಂಪು ಕೊಂಚ ಹರಡಿದರೂ ಎಳೆಗೆರೆ ಸವೆದು ಹೋಯಿತು. ಆ ಹೆಂಗಸರು ಮೇಲಿಟ್ಟ ಗೆರೆಯನ್ನು ನೀನು ಸಂದು ಮಾಡಿಬಿಟ್ಟೆ. ಚಿತ್ರ ಯಾಕೋ ಸಪ್ಪೆ ಅಂತ ಗಿರಾಕಿ ಹೇಳುತ್ತಾನೆ, ಕಾರಣ ಅವನಿಗೂ ತಿಳಿಯುವುದಿಲ್ಲ. ಚಿತ್ತಾರಕ್ಕೆ ಹೇಳಿಮಾಡಿಸಿದ್ದು ಹಳೆಯ ಸ್ಕ್ರೀನ್ ಪ್ರಿಂಟಿಂಗ್. ಮದುವೆ ಕರೆಯೋಲೆ ಅಚ್ಚು ಹಾಕುವವರ ಹತ್ತಿರ ಇವತ್ತಿಗೂ ಚೌಕಟ್ಟು, ಜಾಲರಿ, ರಬ್ಬರ್ ಪಟ್ಟಿ ಸಿಕ್ಕೀತು. ಕೆಂಪು ಬಣ್ಣ ಹಾಕಿದ ಬಟ್ಟೆಯೋ ದಪ್ಪ ಕಾಗದವೋ ಹಾಸು, ಜಾಲರಿಯಿಂದ ದಪ್ಪ ಬಿಳಿ ಎಳೆ, ಒಣಗಿದ ಮೇಲೆ ಕಪ್ಪು, ಆಮೇಲೆ ಹಳದಿ. ಮೂರೇ ಜಾಲರಿ. ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಿಸುವುದರಲ್ಲಿ ನಿನ್ನ ಇಂಜಿನಿಯರಿಂಗ್ ಬುದ್ಧಿ ಎಷ್ಟು ಬೇಕಾದರೂ ಖರ್ಚಾಗಲಿ.

ಕಾವಿಯದು ಇದಕ್ಕೆ ತಿರುವುಮುರುವು. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಜಾತ್ರೆಯಲ್ಲಿ ಎಷ್ಟು ಸಲ ಹೋಗಿಲ್ಲ ನೀನು? ತಲೆಯೆತ್ತಿ ಆ ಗೋಡೆ ನೋಡಿದ್ದೀಯಾ? ಕಾವಿ ಕೆಲಸದಲ್ಲಿ ಅಡಿಗೆ ಸುಣ್ಣದ ಬಿಳಿ ಗಾರೆ, ಮೇಲೆ ಕಾವಿಮಣ್ಣಿನ ಕೆಂಪು. ಹಸಿ ಆರುವ ಮೊದಲೇ ಮೊನೆಯಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಹೊರಬರುತ್ತದೆ. ಅಂದರೆ ಇಲ್ಲಿ ಬಿಳಿ ನಿಜಕ್ಕೂ ಅಡಿಯದು, ನಿನ್ನ ಇಂಕ್‌ಜೆಟ್‌ನ ಕಾಗದದ ಹಾಗೇ. ಆ ಯಂತ್ರವನ್ನು ಕಾವಿಗೆ ದುಡಿಸು, ಒಪ್ಪುತ್ತದೆ. ಹಾಳೆ ಮಾತ್ರ ಮಿರಮಿರ ಮಿಂಚುವುದು ಬೇಡ, ಸುಣ್ಣದ ಗೋಡೆಗೆ ಹೊಳಪಿಲ್ಲ.

ಬಣ್ಣದ ಮೇಲೆ ಬಣ್ಣ ಕೂರಿಸಿ ಅಚ್ಚು ಹಾಕುವುದೇನು ಹೊಸ ವಿದ್ಯೆಯಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದಾಗ ಬಣ್ಣಕ್ಕೊಂದು ಕಲ್ಲಚ್ಚು ಮಾಡಿ, ಪದರದ ಮೇಲೆ ಪದರ ಒತ್ತಿಸಿದರು. ಆ ಲಕ್ಷ್ಮಿ, ಆ ಸರಸ್ವತಿ ಇನ್ನೂ ಎಷ್ಟೋ ಹಳೆಯ ಮನೆಗಳ ಜಗಲಿಯಲ್ಲಿದ್ದಾರೆ.

ಇನ್ನು ಚಿತ್ರದ ಮೂಲ. ಗೋಡೆಯದೊಂದು ಫೋಟೋ ಹೊಡೆದು ತಂದು ಮೂರಡಿಗೆ ಹಿಗ್ಗಿಸುತ್ತೀಯಲ್ಲ, ಲೆಕ್ಕ ಹಾಕಿದ್ದೀಯಾ? ನಿನ್ನ ಫೋನಿನ ಚಿತ್ರ 4000 ಚುಕ್ಕಿ ಅಗಲ ಅನ್ನು. ಇಂಚಿಗೆ 300 ಚುಕ್ಕಿಯಂತೆ ಅದು 13 ಇಂಚಿಗೆ ಸಾಕು. ಮೂರಡಿಗೆ ಎಳೆದರೆ ಇಂಚಿಗೆ 111 ಉಳಿಯಿತು, ಗೆರೆಯ ಅಂಚೆಲ್ಲ ಗರಗಸ. ಚಿತ್ತಾರ ಬಲ್ಲವಳ ಹತ್ತಿರ ಹೋಗಿ, ಬೇಕಾದ ಅಳತೆಗೆ ಹೊಸದಾಗಿ ಬರೆದುಕೊಡು ಅಂತ ಕೇಳು. ಬರೆದದ್ದಕ್ಕೂ ದುಡ್ಡು ಕೊಡು, ಮಾರಿದ ಪ್ರತಿ ಹಾಳೆಗೂ ಕೊಡು. ಅವಳು ಒಪ್ಪಿದರೆ ಹೆಸರು ಹಿಂಬದಿಗಲ್ಲ, ಮುಂದೆಯೇ ಹಾಕು. ಇದರಲ್ಲಿ ಚೌಕಾಸಿ ಮಾಡಿದೆ ಅಂತ ಕಿವಿಗೆ ಬಿದ್ದರೆ ನಾನೇ ನಿನ್ನ ಅಂಗಡಿಗೆ ಬಂದು ಬೈಯುತ್ತೇನೆ.

ಅಚ್ಚು ಚೆನ್ನಾಗಿ ಬಂತು ಅನ್ನೋಣ. ನಮ್ಮ ಘಟ್ಟದ ಮೇಲಿನ ಮಳೆಗಾಲ ನಿನ್ನ ಬೆಲೆಪಟ್ಟಿಯಲ್ಲಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ನೀನು ಕಾಗದವನ್ನು ಗಾಜಿಗೆ ಒತ್ತಿ, ಹಿಂದೆ ಹಾರ್ಡ್‌ಬೋರ್ಡ್ ಬಡಿದು, ಗೋಡೆಗೆ ಅಂಟಿಸಿದ ಹಾಗೆ ತೂಗಿಸಿದರೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಹೊರಟಿತು. ಅಗ್ಗದ ಹಲಗೆಯ ಹುಳಿ ಕಾಗದವನ್ನು ಕಂದಿಸುತ್ತದೆ, ಹಸಿಗೆ ಕಾಗದ ಗಾಜಿಗೆ ಕಚ್ಚಿಕೊಂಡರೆ ಬಿಡಿಸಲು ಬರುವುದಿಲ್ಲ. ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಮೌಂಟ್ ಇರಲಿ. ಬೆನ್ನಿಗೆ ಹುಳಿಯಿಲ್ಲದ ರಟ್ಟು. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಕಾರ್ಕ್ ಬಿಲ್ಲೆ ಹಚ್ಚಿದರೆ ಹಿಂದೆ ಗಾಳಿ ಓಡಾಡುತ್ತದೆ. ಶಾಯಿ ಕೊಳ್ಳುವಾಗ ಡೈ ಬೇಡ, ಪಿಗ್ಮೆಂಟ್ ಕೇಳು. ಬೆಲೆ ಹೆಚ್ಚು, ಆದರೆ ನೀರಿಗೆ ಬೇಗ ಕದಡುವುದಿಲ್ಲ, ಬೆಳಕಿಗೆ ಬೇಗ ಮಾಸುವುದಿಲ್ಲ.

ಅಜ್ಜನ ಮನೆಯ ಜಗಲಿಯಲ್ಲಿ ಪಟಗಳೆಲ್ಲ ಮುಂದಕ್ಕೆ ಬಾಗಿ ನೇತಾಡುತ್ತಿದ್ದುದು ನೆನಪಿದೆಯಾ? ಕೆಳಗೆ ಮೊಳೆಗೆ ಆನಿಸಿ, ಮೇಲೆ ಹಗ್ಗ ಸಡಿಲ ಬಿಟ್ಟು ಕಟ್ಟುತ್ತಿದ್ದರು. ಚಿಕ್ಕ ಕಿಟಕಿಯ ಬೆಳಕು ಗಾಜಿನಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ, ನೆಲದಲ್ಲಿ ಕೂತವನಿಗೆ ಚಿತ್ರ ನೇರ ಕಾಣುತ್ತದೆ, ಬೆನ್ನಿಗೆ ಗಾಳಿಯೂ ಸಿಗುತ್ತದೆ. ನೀನು ಅದನ್ನು ಹಳೇಕಾಲದ್ದು ಅಂತ ನಕ್ಕೆ. ಅದರ ಕೋನ ಅಳೆದು, ಒಂದು ಸಣ್ಣ ಕೊಂಡಿ ಮಾಡಿ ಮಾರಿ ನೋಡು. ಮಳೆಯ ಎರಚಲು ಹೊಡೆಯುವ ಹೊರಗೋಡೆಗೆ ಮಾತ್ರ ಏನನ್ನೂ ತೂಗಬೇಡ ಅಂತ ಗಿರಾಕಿಗೆ ಬಾಯಿಬಿಟ್ಟು ಹೇಳು. ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಯನ್ನೂ ಅಚ್ಚು ಹಾಕುತ್ತೇನೆ ಅನ್ನುತ್ತೀಯಲ್ಲ, ಆ ಆಸೆಯನ್ನಂತೂ ಬಿಡು. ಹೊಲಿಗೆಯ ಉಬ್ಬು ಯಾವ ಶಾಯಿಗೂ ಬಾರದು. ಕೌದಿಯನ್ನೇ ಕೊಂಡು, ಬೆನ್ನಿಗೆ ಬಟ್ಟೆಯ ನಳಿಗೆ ಹೊಲಿಸಿ, ಕೋಲು ತೂರಿಸಿ ತೂಗುಹಾಕು.

ಸಾಲಕ್ಕೆ ಅರ್ಜಿ ಈಗಲೇ ಬೇಡ. ನಾಲ್ಕು ಬಗೆಯ ಹಾಳೆಯಲ್ಲಿ ಒಂದೇ ಚಿತ್ರ ಅಚ್ಚು ಹಾಕಿಸು, ದುಡ್ಡು ಕೊಟ್ಟರೆ ಮಾಡಿಕೊಡುವವರಿದ್ದಾರೆ. ಜೂನ್ ಮೊದಲ ವಾರ ನಮ್ಮ ಮನೆಯ ನಡುಗೋಡೆಗೆ ಎರಡು, ಅಡುಗೆಮನೆಯ ಹತ್ತಿರ ಎರಡು ತೂಗು. ದೀಪಾವಳಿಗೆ ಬಾ, ಇಬ್ಬರೂ ಸೇರಿ ಇಳಿಸಿ ಬೆನ್ನು ತಿರುಗಿಸಿ ನೋಡೋಣ. ಯಂತ್ರದ ಮಾತು ಆಮೇಲೆ.