ರಾಣಿ ಚೆಲುವಾಂಬೆ: ಹಾಡಲೆಂದೇ ಬರೆದವಳು

ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿಗೆ ಹೋದವರು ಲಕ್ಷ್ಮೀನಾರಾಯಣ ದೇವಸ್ಥಾನದ ಮೂರು ಗರ್ಭಗುಡಿಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಒಂದರಲ್ಲಿ ನಿಂತಿರೋದು ವೇಣುಗೋಪಾಲ. 13ನೇ ಶತಮಾನದ ಹೊಯ್ಸಳ ಶಿಲ್ಪಿ ಕೊಳಲನ್ನು ಕಲ್ಲಲ್ಲಿ ಉಳಿಸಿಬಿಟ್ಟ. ಆದರೆ ಅದರ ನಾದವನ್ನು ಕೆತ್ತೋಕೆ ಆಗಲ್ಲ, ಅಲ್ವಾ? ನಮ್ಮದೇ ಸೀಮೆಯ ಒಬ್ಬ ರಾಣಿಯ ಹಾಡುಗಳ ಕಥೆಯೂ ಹೀಗೇ ಇದೆ.

ಆಕೆ ಚೆಲುವಾಂಬೆ. 1714ರಿಂದ 1732ರವರೆಗೆ ಮೈಸೂರನ್ನು ಆಳಿದ ದೊಡ್ಡ ಕೃಷ್ಣರಾಜ ಒಡೆಯರ ರಾಣಿಯರಲ್ಲಿ ಒಬ್ಬಳು. ಆಗ ರಾಜಧಾನಿ ಶ್ರೀರಂಗಪಟ್ಟಣ. ಅದೇ ಅರಮನೆಯಲ್ಲಿ, ಇವರ ತಾತ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಲೆ ಅಡಿಕೆ ಸಂಚಿ ಹಿಡಿಯುತ್ತಿದ್ದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಿದ್ದಳು. ಹೊನ್ನಮ್ಮನ ಹೆಸರು ಪಠ್ಯಪುಸ್ತಕದ ದಯೆಯಿಂದ ನಮ್ಮಲ್ಲಿ ಕೆಲವರಿಗಾದರೂ ಗೊತ್ತು. ಚೆಲುವಾಂಬೆಯ ಹೆಸರು ಅಷ್ಟು ಕೇಳಿಬರುವುದಿಲ್ಲ.

ಆಕೆಯ ಮುಖ್ಯ ಕೃತಿ ‘ವರನಂದಿ ಕಲ್ಯಾಣ’. ವಸ್ತು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯದು. ದೆಹಲಿ ಸುಲ್ತಾನನ ಮಗಳು ಚೆಲುವನಾರಾಯಣನ ಮೂರ್ತಿಗೆ ಮನಸೋತು, ಅದರ ಹಿಂದೆಯೇ ಮೇಲುಕೋಟೆಗೆ ಬಂದಳು ಅನ್ನೋ ಐತಿಹ್ಯ ನಿಮಗೆ ಗೊತ್ತಿರಬಹುದು. ಜನ ಆಕೆಯನ್ನು ಬೀಬಿ ನಾಚ್ಚಿಯಾರ್ ಅಂತಾರೆ. ಚೆಲುವಾಂಬೆಯ ಕಾವ್ಯದಲ್ಲಿ ಆಕೆಯೇ ವರನಂದಿ. ಇದಲ್ಲದೆ ಅಲಮೇಲುಮಂಗೆಯ ಮೇಲೆ ಲಾಲಿಪದಗಳನ್ನೂ ಚೆಲುವಾಂಬೆ ರಚಿಸಿದ್ದಾಳೆ.

ಇವಳು ಕವಿ ತಾನೇ, ಸಂಗೀತಕ್ಕೂ ಇವಳಿಗೂ ಏನು ಸಂಬಂಧ ಅಂತ ಕೇಳಬಹುದು. ಉತ್ತರ ಛಂದಸ್ಸಿನಲ್ಲಿದೆ. ‘ವರನಂದಿ ಕಲ್ಯಾಣ’ ಇರೋದು ಸಾಂಗತ್ಯದಲ್ಲಿ. ಸಾಂಗತ್ಯ ಹಾಡೋಕೆಂದೇ ಇರುವ ಮಟ್ಟು. ಲೆಕ್ಕ ಇಷ್ಟು: ಪದ್ಯಕ್ಕೆ ನಾಲ್ಕು ಸಾಲು. 1 ಮತ್ತು 3ನೇ ಸಾಲಲ್ಲಿ ನಾಲ್ಕು ವಿಷ್ಣುಗಣ. 2 ಮತ್ತು 4ನೇ ಸಾಲಲ್ಲಿ ಎರಡು ವಿಷ್ಣುಗಣ, ಒಂದು ಬ್ರಹ್ಮಗಣ. ವಿಷ್ಣುಗಣಕ್ಕೆ 3 ಅಂಶ, ಬ್ರಹ್ಮಗಣಕ್ಕೆ 2. ಅಂದರೆ ಸಾಲುಗಳ ಅಳತೆ 12, 8, 12, 8.

ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು. ಉಳಿದ ಪ್ರತಿ ಅಂಶ ಒಂದು ಗುರು ಅಥವಾ ಒಂದು ಲಘು. ಪ್ರತಿ ಅಂಶಕ್ಕೂ ಎರಡೇ ಆಯ್ಕೆ. ಹಾಗಾಗಿ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8. ನಮ್ಮ ಬೈನರಿ ಲೆಕ್ಕವೇ!

ಈಗ ‘ತೊಟ್ಟಿಲು’ ಮತ್ತು ‘ಕಾವೇರಿ’ ತಗೊಳ್ಳಿ. ಎರಡೂ ವಿಷ್ಣುಗಣ. ಆದರೆ ಮಾತ್ರೆ ಎಣಿಸಿದರೆ ಮೊದಲನೆಯದು 4, ಎರಡನೆಯದು 5. ‘ರಂಗಯ್ಯಾ’ ಅಂದರೆ 6. ಓದುವಾಗ ಇವು ಸಮ ಆಗೋದೇ ಇಲ್ಲ. ಹಾಡುವಾಗ ಮಾತ್ರ, ಚಿಕ್ಕದನ್ನು ಎಳೆದು, ದೊಡ್ಡದನ್ನು ಒತ್ತಿ, ಮೂರೂ ಒಂದೇ ತಾಳಕ್ಕೆ ಕೂತುಬಿಡುತ್ತವೆ. ಅಂದರೆ ಸಾಂಗತ್ಯದ ಪುಟದಲ್ಲಿರೋದು ಅರ್ಧ ಕೃತಿ, ಉಳಿದ ಅರ್ಧ ಹಾಡುವವರ ಗಂಟಲಲ್ಲಿ.

ಆ ಗಂಟಲು ಎಲ್ಲಿ ಹೋಯಿತು? ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ಚೆಲುವಾಂಬೆಯ ಕಾಲದ ನಂತರ. ಅವರ ಕೃತಿಗಳನ್ನು ಶಿಷ್ಯರು ಬಾಯಿಂದ ಬಾಯಿಗೆ ಸಾಗಿಸಿದರು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಅವರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಸ್ವರ ಸಮೇತ ಅಚ್ಚು ಹಾಕಿಸಿದರು. ಶಿಷ್ಯಪರಂಪರೆ ಇದ್ದವರ ಹಾಡಿಗೆ ರಾಗ ಉಳಿಯಿತು. ಅಂತಃಪುರದಲ್ಲಿ ಕೂತು ಲಾಲಿ ಕಟ್ಟಿದವಳ ಮಾತು ಓಲೆಯಲ್ಲಿ ಉಳಿಯಿತು, ವಾಗ್ಗೇಯಕಾರರ ಸಾಲಿನಲ್ಲಿ ಅವಳ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಲಾಲಿ ಅಂದರೆ ಮಗು ಮಲಗಿಸೋ ಕೆಲಸ, ಸಂಗೀತ ಅಲ್ಲ ಅಂತ ನಾವೇ ಅಂದುಕೊಂಡುಬಿಟ್ಟೆವು. ಪುರಂದರದಾಸರ ಎಷ್ಟೋ ಪದಗಳಿಗೆ ಇಂದಿರುವ ರಾಗ ಆಮೇಲೆ ಕೂಡಿಸಿದ್ದು. ಅಷ್ಟು ಕಾಳಜಿಯನ್ನು ಚೆಲುವಾಂಬೆಗೂ ತೋರಿಸಬಹುದು. ನಮ್ಮ ಕ್ಲಬ್ಬಿನಲ್ಲಿ ಹಾಡುವವರು ಇದ್ದೀರಿ, ಒಂದು ಸಾಂಗತ್ಯಕ್ಕೆ ರಾಗ ಹಾಕಿ ನೋಡಿ.

ಇದನ್ನೆಲ್ಲ ಓದಿದ ಮೇಲೆ ರಜೆಗೆ ಊರಿಗೆ ಹೋದಾಗ ನಮ್ಮಜ್ಜಿಯ ಲಾಲಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. “ಇದ್ಯಾಕ್ ಹಿಡ್ಕತೀಯ ಮಗ, ಗಂಟ್ಲು ಕಟ್ಟೋಗದೆ” ಅಂದ್ರು. ಮೂರು ನುಡಿ ಹಾಡಿ ನಿಲ್ಲಿಸಿದರು. ನಾಲ್ಕನೆಯದು ಅವರಮ್ಮನಿಗೆ ಬರುತ್ತಿತ್ತಂತೆ, ಇವರಿಗೆ ಮರೆತುಹೋಗಿದೆ. ನಿಮ್ಮ ಮನೆಯಲ್ಲೂ ಹಾಡುವ ಅಜ್ಜಿ ಇದ್ದರೆ ಈ ರಜೆಯಲ್ಲೇ ಕೇಳಿ, ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡೋದು ಮರೀಬೇಡಿ.