ನೀರಿದ್ದಷ್ಟೇ ಕೈತೋಟ: ಟಿ.ಬಿ. ಡ್ಯಾಂ ಸೀಮೆಯಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗೆ

ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ವಸಂತವು ಬಹು ಅಲ್ಪಕಾಲದ ಅತಿಥಿ. ಶಿವರಾತ್ರಿಗೆ ಚಳಿ ಹಿಂದೆಗೆಯುತ್ತದೆ. ಯುಗಾದಿಯ ವೇಳೆಗೆ ಬಿಸಿಲು ನೆತ್ತಿ ಸುಡುತ್ತದೆ. ನಡುವೆ ಸಿಗುವುದು ಒಂದು ತಿಂಗಳು ಮಾತ್ರ. ಈ ತಿಂಗಳಲ್ಲಿ ಮಾಡಿದ ಕೆಲಸದ ಮೇಲೆಯೇ ಬೇಸಿಗೆಯಲ್ಲಿ ಮನೆಗೆ ತರಕಾರಿ ಸಿಗುವುದೋ, ಸಂತೆಯಲ್ಲಿ ದುಬಾರಿ ಬೆಲೆ ತೆರಬೇಕಾಗುವುದೋ ನಿರ್ಧಾರವಾಗುತ್ತದೆ.

ಮೊದಲು ನೀರಿನ ಲೆಕ್ಕ

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಕಾಲುವೆಯ ನೀರು ಸದಾ ಇರುತ್ತದೆಂಬ ಭಾವನೆ ಅನೇಕರಲ್ಲಿದೆ. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಗಿ, ಸಂಗ್ರಹವಾಗಿದ್ದ ನೀರು ಅಪಾರ ಪ್ರಮಾಣದಲ್ಲಿ ಹರಿದುಹೋಯಿತು. ಕಾಲುವೆಯನ್ನೇ ನೆಚ್ಚಿದ ಕೈತೋಟ ಬೇಸಿಗೆಯಲ್ಲಿ ಉಳಿಯುವುದು ಕಷ್ಟ.

ಮನೆಯ ಬಚ್ಚಲ ನೀರು ಮಾತ್ರ ದಿನವೂ ಇರುತ್ತದೆ. ಐದು ಜನರ ಕುಟುಂಬದಲ್ಲಿ ತಲಾ 20 ಲೀಟರಿನಂತೆ ಸ್ನಾನಕ್ಕೆ 100 ಲೀಟರ್ ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕೆಂದು ಹಿಡಿದರೆ, ಈ ನೀರು 20 ಚದರ ಮೀಟರಿಗೆ ಸಾಕು. ಆದ್ದರಿಂದ ಚಳಿಗಾಲದಲ್ಲಿ ದೊಡ್ಡದಾಗಿದ್ದ ತೋಟವನ್ನು ಈಗ ನೀರಿನ ಅಳತೆಗೆ ಕುಗ್ಗಿಸುವುದೇ ಜಾಣತನ. ಎಲ್ಲವನ್ನೂ ಉಳಿಸಲು ಹೋದರೆ ಯಾವುದೂ ಉಳಿಯುವುದಿಲ್ಲ.

ಬಚ್ಚಲ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ ಗಿಡದ ಬುಡಕ್ಕೆ ಬಿಡಬೇಕು. ಸೊಪ್ಪಿನ ಮೇಲೆ ಸುರಿಯಬಾರದು. ಸೋಡಾ, ಸೋಪಿನ ಪುಡಿ ಬೆರೆತ ಬಟ್ಟೆ ಒಗೆದ ನೀರನ್ನು ಬಳಸಬಾರದು. ಅದರಲ್ಲಿನ ಸೋಡಿಯಂ ಕಪ್ಪು ಮಣ್ಣನ್ನು ಗಟ್ಟಿಗೊಳಿಸಿ, ನೀರು ಇಂಗದಂತೆ ಮಾಡುತ್ತದೆ.

ಶಿವರಾತ್ರಿಯ ವೇಳೆಗೆ

ಕೋಸು, ಮೂಲಂಗಿ, ಗಜ್ಜರಿ ಮಡಿಗಳನ್ನು ತೆರವು ಮಾಡಬೇಕು. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಟೊಮ್ಯಾಟೊ ಹೂಗಳು ಉದುರುವುದರಿಂದ, ಬಡವಾದ ಗಿಡಗಳನ್ನು ಕೀಳುವುದು ಲೇಸು. ಚೆನ್ನಾಗಿರುವ ನಾಲ್ಕಾರು ಬದನೆ ಗಿಡಗಳನ್ನು ಸವರಿ, ಕೊಟ್ಟಿಗೆ ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತವೆ.

ತೆರವಾದ ಜಾಗದಲ್ಲಿ ಬೆಂಡೆ, ಚವಳಿಕಾಯಿ, ಹೀರೆ, ಸೋರೆ ಹಾಗೂ ಹಾಗಲ ಬಿತ್ತಬಹುದು. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಸಿ, ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ ಊರಬೇಕು. ಬಳ್ಳಿ ತರಕಾರಿಗೆ 45 ಸೆಂ.ಮೀ. ಆಳದ ಗುಂಡಿ ತೆಗೆದು, ಗೊಬ್ಬರ ತುಂಬಿ, ಗುಂಡಿಗೆ ನಾಲ್ಕು ಬೀಜ ಹಾಕಬೇಕು.

ಹೋಳಿ ಹುಣ್ಣಿಮೆಗೆ

ಗುಂಡಿಯಲ್ಲಿ ಎರಡು ಸಸಿ ಬಿಟ್ಟು ಉಳಿದವನ್ನು ತೆಗೆಯಬೇಕು. ಕಳೆ ಕಿತ್ತು, ಭತ್ತದ ಹುಲ್ಲು ಅಥವಾ ಕಬ್ಬಿನ ರವದಿಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ಆರುವುದಿಲ್ಲ. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣದಿಂದ ಹರಡುವ ನಂಜುರೋಗ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ಈ ರೋಗ ತಡೆಯುವ ಗುಣಕ್ಕೆಂದೇ ರೂಪಿಸಲಾಗಿದೆ. ಆದರೂ ರೋಗದ ಗಿಡ ಕಂಡೊಡನೆ ಕಿತ್ತು ಸುಡಬೇಕು. ನೊಣದ ಹತೋಟಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸಬೇಕು.

ಯುಗಾದಿಯ ನಂತರ

ಬಳ್ಳಿಗಳಲ್ಲಿ ಮೊದಲು ಗಂಡು ಹೂ ಬಿಟ್ಟು ಉದುರುವುದು ಸಹಜ, ಗಾಬರಿ ಬೇಡ. ಬುಡದಲ್ಲಿ ಎಳೆಗಾಯಿಯಿರುವುದೇ ಹೆಣ್ಣು ಹೂ. ಸೋರೆ, ಹೀರೆಯ ಹೂಗಳು ಸಂಜೆ ಅರಳುತ್ತವೆ. ಆಗ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿದರೆ ಕಾಯಿ ಕಚ್ಚುತ್ತದೆ. ಹಣ್ಣುನೊಣ ಚುಚ್ಚಿದ ಕಾಯಿಗಳನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು.

ಬಿತ್ತಿದ 45ರಿಂದ 50 ದಿನಗಳಿಗೆ ಬೆಂಡೆ ಕೊಯ್ಲಿಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ಎಳೆಯದಾಗಿಯೇ ಕೊಯ್ದರೆ ಗಿಡ ಮತ್ತೆ ಮತ್ತೆ ಕಾಯಿ ಬಿಡುತ್ತದೆ. ಕಾಲುವೆ ಬತ್ತಿದ ದಿನಗಳಲ್ಲಿ ರೊಟ್ಟಿಯ ಜೊತೆಗೆ ಹಿತ್ತಲಿನದೇ ಪಲ್ಯ ಬೇಕಾದರೆ, ಶಿವರಾತ್ರಿಯ ಮರುದಿನವೇ ಹಾರೆ ಹಿಡಿದು ಹಿತ್ತಲಿಗೆ ಇಳಿಯುವುದು ಒಳ್ಳೆಯದು.